ಎಷ್ಟು ಪಟ್ಟು ಎಂದು ಕೇಳುವ ಗಣಿತ

ಹೈದರಾಬಾದಿನ ಬೇಗಂಪೇಟೆಯಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರವಿದೆ. ಅದರ ವಿಳಾಸದಲ್ಲಿ ಇವತ್ತಿಗೂ ‘ನಿಜಾಮಿಯಾ ಅಬ್ಸರ್ವೇಟರಿ ಕ್ಯಾಂಪಸ್’ ಎಂಬ ಸಾಲು ಉಳಿದುಕೊಂಡಿದೆ. ಒಂದು ಕಾಲಕ್ಕೆ ಇದೇ ಆವರಣದಿಂದ ಆಕಾಶದ ಎರಡು ಪಟ್ಟಿಗಳನ್ನು ರಾತ್ರಿ ರಾತ್ರಿ ಗಾಜಿನ ಫಲಕಗಳ ಮೇಲೆ ಚಿತ್ರೀಕರಿಸಲಾಗುತ್ತಿತ್ತು. ಆ ಫಲಕಗಳನ್ನು ಅಳೆದು ಹೈದರಾಬಾದಿನವರು 7 ಲಕ್ಷ 63 ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು 12 ಸಂಪುಟಗಳಲ್ಲಿ ಜಗತ್ತಿಗೆ ಕೊಟ್ಟರು. ನಕ್ಷತ್ರ ಎಲ್ಲಿದೆ ಎನ್ನುವುದರ ಜೊತೆಗೆ ಎಷ್ಟು ಪ್ರಕಾಶಮಾನವಾಗಿದೆ ಎನ್ನುವುದೂ ಇಂಥ ಪಟ್ಟಿಗೆ ಬೇಕು. ಆ ಪ್ರಕಾಶದ ಅಂಕಿಯ ಹೆಸರು ಕಾಂತಿಮಾನ. ಅದು ಹುಟ್ಟುವುದೇ ಲಘುಗಣಕದಿಂದ, ಅಂದರೆ ನಾವು ತರಗತಿಯಲ್ಲಿ ‘ಲಾಗ್’ ಎಂದು ಕರೆಯುವ ಲೆಕ್ಕದಿಂದ.

ಲಾಗ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಪರೀಕ್ಷೆಯ ಒಂದು ಪ್ರಶ್ನೆ: ‘ಕೆಳಗಿನ ರಾಶಿಯನ್ನು ಒಂದೇ ಲಘುಗಣಕವಾಗಿ ಬರೆಯಿರಿ.’ ತೆಲಂಗಾಣದ ಹತ್ತನೇ ತರಗತಿಯ ಗಣಿತದಲ್ಲಿ ವಾಸ್ತವ ಸಂಖ್ಯೆಗಳ ಅಧ್ಯಾಯದೊಳಗೇ ಈ ಪಾಠ ಬರುತ್ತದೆ. ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಓದುವ ಯಾರೂ ಇದರಿಂದ ತಪ್ಪಿಸಿಕೊಳ್ಳಲಾರರು. ಮೂರು ನಿಯಮ ಬಾಯಿಪಾಠ ಮಾಡಿ, ಎರಡು ಅಂಕ ಗಳಿಸಿ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಯಾಕೆ ಒಂದಾಗಿಸಬೇಕು, ಒಂದಾಗಿಸಿದ ಮೇಲೆ ಹೊಸದಾಗಿ ಏನು ಕಾಣುತ್ತದೆ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಹೈದರಾಬಾದಿನಷ್ಟು ಚೆನ್ನಾಗಿ ಉತ್ತರ ಹೇಳಬಲ್ಲ ಊರು ದಕ್ಷಿಣ ಭಾರತದಲ್ಲಿ ಅಪರೂಪ. ನೆಲವನ್ನು ಅಳೆದವರು, ಆಕಾಶವನ್ನು ಅಳೆದವರು, ನೆಲದ ನಡುಕವನ್ನು ಅಳೆಯುತ್ತಿರುವವರು ಮೂವರೂ ಇಲ್ಲಿ ಕೆಲಸ ಮಾಡಿದ್ದಾರೆ, ಮೂವರ ಕೈಯಲ್ಲೂ ಇದೇ ಮೂರು ನಿಯಮಗಳಿದ್ದವು.

ಅರ್ಧ ಮಾಡುತ್ತ ಹೋದರೆ

ನಿಯಮಗಳನ್ನು ಮೊದಲು ನಮ್ಮ ನೆಲದ ದಾರಿಯಿಂದಲೇ ನೋಡೋಣ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಘುಗಣಕದ ಕೋಷ್ಟಕವನ್ನು ಪ್ರಕಟಿಸಿದ್ದು 1614ರಲ್ಲಿ. ಅದಕ್ಕಿಂತ ಸುಮಾರು ಎಂಟುನೂರು ವರ್ಷ ಮೊದಲೇ ಜೈನ ಆಚಾರ್ಯ ವೀರಸೇನರು ಷಟ್ಖಂಡಾಗಮ ಎಂಬ ಗ್ರಂಥಕ್ಕೆ ಬರೆದ ‘ಧವಳಾ’ ವ್ಯಾಖ್ಯಾನದಲ್ಲಿ ‘ಅರ್ಧಚ್ಛೇದ’ ಎಂಬ ಕಲ್ಪನೆಯನ್ನು ಬಳಸಿದ್ದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆಯೋ ಅದೇ ಆ ಸಂಖ್ಯೆಯ ಅರ್ಧಚ್ಛೇದ. 8ನ್ನು ಅರ್ಧ ಮಾಡಿದರೆ 4, ಮತ್ತೆ 2, ಮತ್ತೆ 1. ಹಾಗಾಗಿ 8ರ ಅರ್ಧಚ್ಛೇದ 3. ಇಂದಿನ ಭಾಷೆಯಲ್ಲಿ ಇದು 2ನ್ನು ಆಧಾರವಾಗಿ ಇಟ್ಟುಕೊಂಡ ಲಘುಗಣಕ.

ವೀರಸೇನರ ಶಿಷ್ಯ ಜಿನಸೇನರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದವರು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಧವಳಾ ಗ್ರಂಥ ನಮಗೆ ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಕನ್ನಡ ಲಿಪಿಯ ತಾಳೆಗರಿಗಳಲ್ಲಿ. 1939ರಿಂದ ಅದು ಮುದ್ರಣಗೊಂಡು ಹೊರಬಂದ ಮೇಲೆ ಗಣಿತದ ಇತಿಹಾಸಕಾರ ಅವಧೇಶ ನಾರಾಯಣ ಸಿಂಗ್ ಅದರಲ್ಲಿನ ಗಣಿತವನ್ನು ವಿವರಿಸಿ ಬರೆದರು. ಗುಣಿಸಿದ ಸಂಖ್ಯೆಯ ಅರ್ಧಚ್ಛೇದ ಆಯಾ ಸಂಖ್ಯೆಗಳ ಅರ್ಧಚ್ಛೇದಗಳ ಮೊತ್ತ, ಭಾಗಿಸಿದ ಸಂಖ್ಯೆಯದ್ದು ಅವುಗಳ ವ್ಯತ್ಯಾಸ ಎಂಬ ನಿಯಮಗಳು ಅಲ್ಲಿವೆ.

ಪರೀಕ್ಷಿಸುವುದು ಸುಲಭ. 8ರ ಅರ್ಧಚ್ಛೇದ 3, 4ರದ್ದು 2. ಎರಡನ್ನೂ ಗುಣಿಸಿದರೆ 32. ಅದನ್ನು ಅರ್ಧ ಮಾಡುತ್ತ ಹೋದರೆ 16, 8, 4, 2, 1 ಎಂದು ಐದು ಹೆಜ್ಜೆ. ಮೂರಕ್ಕೆ ಎರಡು ಕೂಡಿದರೂ ಐದೇ. ಇದು ಮೊದಲ ನಿಯಮ: ಒಂದೇ ಆಧಾರದ ಎರಡು ಲಾಗ್‌ಗಳನ್ನು ಕೂಡಿದರೆ ಒಳಗಿನ ಸಂಖ್ಯೆಗಳು ಗುಣಾಕಾರವಾಗುತ್ತವೆ. ಎರಡನೆಯದು, ಕಳೆದರೆ ಭಾಗಾಕಾರವಾಗುತ್ತವೆ. ಮೂರನೆಯದು, ಲಾಗ್‌ನ ಮುಂದೆ ನಿಂತ ಗುಣಕ ಒಳಗಿನ ಸಂಖ್ಯೆಯ ಘಾತಾಂಕವಾಗುತ್ತದೆ. ಮೂರನೆಯದು ಬೇರೆ ನಿಯಮವೂ ಅಲ್ಲ. 2 ಲಾಗ್ 7 ಎಂದರೆ ಲಾಗ್ 7 + ಲಾಗ್ 7, ಅಂದರೆ ಲಾಗ್ 49. ಮೊದಲ ನಿಯಮವನ್ನೇ ಮತ್ತೆ ಮತ್ತೆ ಬಳಸಿದರೆ ಮೂರನೆಯದು ತಾನಾಗಿ ಬರುತ್ತದೆ.

ಆಧಾರ ಒಂದೇ ಇರಬೇಕು ಎಂಬ ಷರತ್ತಿಗೂ ಧವಳಾದಲ್ಲೇ ಬೆಳಕಿದೆ. ಅಲ್ಲಿ ಮೂರು ಭಾಗ, ನಾಲ್ಕು ಭಾಗ ಮಾಡುತ್ತ ಹೋಗುವ ತ್ರಿಕಚ್ಛೇದ, ಚತುರ್ಥಚ್ಛೇದಗಳೂ ಇವೆ. ಒಂದು ಸಲ ನಾಲ್ಕರಿಂದ ಭಾಗಿಸುವುದೆಂದರೆ ಎರಡು ಸಲ ಅರ್ಧ ಮಾಡಿದ ಹಾಗೆ. ಹಾಗಾಗಿ 4ರ ಆಧಾರದ ಲಾಗ್ ಯಾವಾಗಲೂ 2ರ ಆಧಾರದ ಲಾಗ್‌ನ ಅರ್ಧ. ಈಗ 2ರ ಆಧಾರದಲ್ಲಿ ಲಾಗ್ 5, 4ರ ಆಧಾರದಲ್ಲಿ ಲಾಗ್ 9 ಇವೆರಡನ್ನು ಕೂಡಬೇಕು ಎಂದಿಟ್ಟುಕೊಳ್ಳಿ. ನೇರವಾಗಿ 45 ಎಂದು ಗುಣಿಸುವಂತಿಲ್ಲ. ಎರಡನೆಯದನ್ನು 2ರ ಆಧಾರಕ್ಕೆ ತಂದರೆ ಅದು ಲಾಗ್ 9ರ ಅರ್ಧ, ಅಂದರೆ 9ರ ವರ್ಗಮೂಲದ ಲಾಗ್, ಅಂದರೆ ಲಾಗ್ 3. ಈಗ ಎರಡೂ ಸೇರಿ 2ರ ಆಧಾರದಲ್ಲಿ ಲಾಗ್ 15. ಆಧಾರ ಬೇರೆಯಾದರೆ ಹೆಜ್ಜೆಯ ಅಳತೆಯೇ ಬೇರೆ. ಬೇರೆ ಬೇರೆ ಅಳತೆಯ ಹೆಜ್ಜೆಗಳನ್ನು ಹಾಗೇ ಎಣಿಸಿ ಕೂಡಲಾಗದು.

ಕೆಲಸದ ಕ್ರಮ

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ: 2 ಲಾಗ್ 6 + ಲಾಗ್ 5 − 2 ಲಾಗ್ 3. ಮೊದಲು ಗುಣಕಗಳನ್ನು ಒಳಗೆ ಕಳಿಸಬೇಕು. 2 ಲಾಗ್ 6 ಎಂಬುದು ಲಾಗ್ 36, 2 ಲಾಗ್ 3 ಎಂಬುದು ಲಾಗ್ 9. ಈಗ ಲಾಗ್ 36 + ಲಾಗ್ 5 − ಲಾಗ್ 9. ಕೂಡುವ ಚಿಹ್ನೆ ಇರುವವೆಲ್ಲ ಅಂಶಕ್ಕೆ, ಕಳೆಯುವ ಚಿಹ್ನೆ ಇರುವವೆಲ್ಲ ಛೇದಕ್ಕೆ. 36ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ 20. ಉತ್ತರ ಲಾಗ್ 20.

ಕ್ರಮ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಗುಣಕವನ್ನು ಒಳಗೆ ಕಳಿಸದೆ 6, 5, 3ನ್ನೇ ಗುಣಿಸಿ ಭಾಗಿಸಿದರೆ 10 ಬರುತ್ತದೆ, ಅದು ಬೇರೆಯೇ ಸಂಖ್ಯೆ. ಇನ್ನೊಂದು ಸಾಮಾನ್ಯ ತಪ್ಪು ಎರಡು ಸಲ ಕಳೆಯುವಾಗ ಆಗುತ್ತದೆ. ಲಾಗ್ 60 − ಲಾಗ್ 3 − ಲಾಗ್ 4 ಎಂದಿದ್ದರೆ 3, 4 ಎರಡೂ ಛೇದಕ್ಕೇ ಹೋಗಬೇಕು. 60ನ್ನು 12ರಿಂದ ಭಾಗಿಸಿ ಲಾಗ್ 5 ಎಂದು ಬರಬೇಕು. ಅನೇಕರು 3ನ್ನು ಕೆಳಗೆ, 4ನ್ನು ಮೇಲೆ ಇಟ್ಟು ಲಾಗ್ 80 ಎಂದು ಬರೆಯುತ್ತಾರೆ. ಚಿಹ್ನೆ ಯಾವ ಪದದ ಎಡಕ್ಕೆ ಇದೆಯೋ ಆ ಪದದ ಜಾಗವನ್ನು ಅದೊಂದೇ ನಿರ್ಧರಿಸುತ್ತದೆ ಎಂಬುದನ್ನು ನೆನಪಿಟ್ಟರೆ ಈ ತಪ್ಪು ಆಗುವುದಿಲ್ಲ.

ಇಷ್ಟು ಯಂತ್ರದ ಕೆಲಸ. ಇದರ ಅರ್ಥ ತಿಳಿಯಲು ಹೈದರಾಬಾದಿನ ಹಳೆಯ ಲೆಕ್ಕದ ಕಾಗದಗಳತ್ತ ಹೋಗಬೇಕು.

ನೆಲ ಅಳೆದವರ ಲೆಕ್ಕ

1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಶುರುಮಾಡಿದವರು ವಿಲಿಯಂ ಲ್ಯಾಂಬ್ಟನ್. ಉತ್ತರಕ್ಕೆ ಸಾಗಿದ ಅವರು 1815ರಲ್ಲಿ ಬೀದರಿನ ಬಳಿಯ ದಾಮರಗಿದ್ದದಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಆ ವರ್ಷಗಳಲ್ಲಿ ಹೈದರಾಬಾದ್ ಅವರ ಮುಖ್ಯ ನೆಲೆ. ಮುಂದೆ ಈ ಸರ್ವೆಯ ನಾಯಕತ್ವ ವಹಿಸಿದ ಜಾರ್ಜ್ ಎವರೆಸ್ಟ್ ಸಹಾಯಕರಾಗಿ ಬಂದು ಸೇರಿದ್ದು ಇಲ್ಲಿಗೇ. ಎವರೆಸ್ಟ್ ಪ್ರಕಟಿಸಿದ ಮಧ್ಯಾಹ್ನರೇಖೆಯ ದೊಡ್ಡ ಅಳತೆಗೆ ದಾಮರಗಿದ್ದವೇ ದಕ್ಷಿಣದ ತುದಿ.

ಈ ಸರ್ವೆಯಲ್ಲಿ ನೆಲದ ಮೇಲೆ ಸರಪಳಿ ಹಿಡಿದು ಅಳೆಯುತ್ತಿದ್ದುದು ಕೆಲವೇ ರೇಖೆಗಳನ್ನು. ಉಳಿದದ್ದೆಲ್ಲ ಥಿಯೊಡೊಲೈಟ್‌ನಿಂದ ಕೋನ ನೋಡಿ, ತ್ರಿಕೋನದ ಸೈನ್ ನಿಯಮದಿಂದ ಲೆಕ್ಕ ಹಾಕಿದ್ದು. ತಿಳಿದ ಬಾಹುವನ್ನು ಒಂದು ಕೋನದ ಸೈನ್‌ನಿಂದ ಗುಣಿಸಬೇಕು, ಇನ್ನೊಂದು ಕೋನದ ಸೈನ್‌ನಿಂದ ಭಾಗಿಸಬೇಕು. ಏಳು ದಶಮಾಂಶ ಸ್ಥಾನದ ಸಂಖ್ಯೆಗಳನ್ನು ಕೈಯಲ್ಲಿ ಗುಣಿಸಿ ಭಾಗಿಸುವುದು ಎಂಥ ಶ್ರಮ ಎಂದು ಊಹಿಸಬಹುದು. ಹಾಗಾಗಿ ಲೆಕ್ಕಿಗರು ಗುಣಾಕಾರವನ್ನು ಲಾಗ್‌ಗಳ ಕೂಡುವಿಕೆಯಾಗಿ, ಭಾಗಾಕಾರವನ್ನು ಕಳೆಯುವಿಕೆಯಾಗಿ ಬಿಡಿಸಿಕೊಳ್ಳುತ್ತಿದ್ದರು. ಈ ಸರ್ವೆಯಲ್ಲೇ ದುಡಿದ ರಾಬರ್ಟ್ ಷಾರ್ಟ್‌ರೀಡ್ 1844ರಲ್ಲಿ ಏಳು ಸ್ಥಾನಗಳ ಲಘುಗಣಕ ಕೋಷ್ಟಕವನ್ನೇ ಪ್ರಕಟಿಸಿದರು.

ಒಂದು ಸಣ್ಣ ಉದಾಹರಣೆ ನೋಡೋಣ. ಆಧಾರರೇಖೆ 12 ಕಿಲೋಮೀಟರ್. ಅದರ ಎರಡು ತುದಿಗಳಲ್ಲಿ ಕಂಡ ಕೋನಗಳು 62 ಮತ್ತು 71 ಡಿಗ್ರಿ, ಹಾಗಾಗಿ ಮೂರನೆಯದು 47 ಡಿಗ್ರಿ. 62 ಡಿಗ್ರಿಯ ಎದುರಿನ ಬಾಹು ಎಷ್ಟು? ಇಲ್ಲಿಂದ ಮುಂದೆ ಲಾಗ್ ಎಂದರೆ 10ರ ಆಧಾರದ್ದು. ಕೋಷ್ಟಕದಲ್ಲಿ ಲಾಗ್ 12 ಎಂದರೆ 1.0792. 62 ಡಿಗ್ರಿಯ ಸೈನ್‌ನ ಲಾಗ್ ವಾಸ್ತವವಾಗಿ ಋಣ ಸಂಖ್ಯೆ. ಆದರೆ ಕೋಷ್ಟಕದಲ್ಲಿ ಅದಕ್ಕೆ 10 ಸೇರಿಸಿ 9.9459 ಎಂದು ಅಚ್ಚು ಹಾಕುವುದು ವಾಡಿಕೆ. 47 ಡಿಗ್ರಿಯದ್ದು 9.8641. ಒಂದರಿಂದ ಇನ್ನೊಂದನ್ನು ಕಳೆದರೆ 0.0818. ಅದನ್ನು 1.0792ಕ್ಕೆ ಕೂಡಿದರೆ 1.1610. ಇದು ಯಾವ ಸಂಖ್ಯೆಯ ಲಾಗ್ ಎಂದು ಕೋಷ್ಟಕದಲ್ಲಿ ಹುಡುಕಿದರೆ ಸುಮಾರು 14.49 ಕಿಲೋಮೀಟರ್.

ಇಲ್ಲಿ ಆ ಎರಡು ಹತ್ತುಗಳನ್ನು ಗಮನಿಸಬೇಕು. ಎರಡೂ ಕೋನಗಳಿಗೆ ಸೇರಿಸಿದ್ದ 10 ಕಳೆಯುವಾಗ ತಾನಾಗಿ ಬಿದ್ದುಹೋಯಿತು. ಅದನ್ನು ತೆಗೆದುಹಾಕಲು ಲೆಕ್ಕಿಗ ಬೇರೆ ಹೆಜ್ಜೆ ಇಡಲೇ ಇಲ್ಲ. ಲಾಗ್‌ನಿಂದ ಲಾಗ್ ಕಳೆದಾಗ ಎರಡರಲ್ಲೂ ಸಮಾನವಾಗಿರುವುದು ಹೊರಟುಹೋಗುತ್ತದೆ, ಉಳಿಯುವುದು ಒಂದು ಇನ್ನೊಂದರ ಎಷ್ಟು ಪಟ್ಟು ಎಂಬುದು ಮಾತ್ರ. ಸರ್ವೆಯವರಿಗೆ ಇದು ಶ್ರಮ ಉಳಿಸುವ ಅನುಕೂಲ. ಆಕಾಶ ನೋಡುವವರಿಗೆ ಇದೇ ಅವರ ವಿಜ್ಞಾನದ ತಳಪಾಯವಾಯಿತು.

ಬೇಗಂಪೇಟೆಯ ಆಕಾಶ

ನಿಜಾಮಿಯಾ ವೀಕ್ಷಣಾಲಯದ ಮೂಲ ಒಬ್ಬ ಹವ್ಯಾಸಿಯ ಉತ್ಸಾಹ. ಹೈದರಾಬಾದಿನ ನವಾಬ್ ಜಫರ್ ಜಂಗ್ 1901ರಲ್ಲಿ ಇಂಗ್ಲೆಂಡಿನಿಂದ 15 ಇಂಚಿನ ಗ್ರಬ್ ದೂರದರ್ಶಕವನ್ನು ತರಿಸಿ ತಮ್ಮ ಫಿಸಲ್ ಬಂಡಾ ಎಸ್ಟೇಟಿನಲ್ಲಿ ವೀಕ್ಷಣಾಲಯ ಕಟ್ಟಿಸಿದರು. ಅವರ ಮರಣಾನಂತರ 1908ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಬೇಗಂಪೇಟೆಯಲ್ಲಿ ಆಕಾಶದ ಚಿತ್ರ ತೆಗೆಯುವ 8 ಇಂಚಿನ ಕುಕ್ ದೂರದರ್ಶಕ ನಿಂತಿತು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ್ದ ಖಗೋಳಜ್ಞರು ಇಡೀ ಆಕಾಶವನ್ನು ವೀಕ್ಷಣಾಲಯಗಳಿಗೆ ಪಟ್ಟಿ ಪಟ್ಟಿಯಾಗಿ ಹಂಚಿ, ಛಾಯಾಚಿತ್ರ ತೆಗೆದು ನಕ್ಷತ್ರಪಟ್ಟಿ ಮಾಡುವ ಯೋಜನೆ ಹಾಕಿದ್ದರು. ಚಿಲಿಯ ಸಾಂಟಿಯಾಗೊ ಕೈಬಿಟ್ಟಿದ್ದ, ದಕ್ಷಿಣಕ್ಕೆ 17ರಿಂದ 23 ಡಿಗ್ರಿಯ ಪಟ್ಟಿ ಹೈದರಾಬಾದಿಗೆ ಬಂತು. ಮುಂದೆ ಜರ್ಮನಿಯ ಪಾಟ್ಸ್‌ಡಾಮ್ ಮುಗಿಸದೆ ಬಿಟ್ಟ ಉತ್ತರದ 36ರಿಂದ 39 ಡಿಗ್ರಿಯ ಪಟ್ಟಿಯ ಕೆಲಸವೂ ಇಲ್ಲೇ ನಡೆಯಿತು. 1919ರಲ್ಲಿ ವೀಕ್ಷಣಾಲಯ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. 1918ರಿಂದ 1944ರವರೆಗೆ ಅದನ್ನು ನಡೆಸಿದವರು ಟಿ.ಪಿ. ಭಾಸ್ಕರನ್.

ಇವರೆಲ್ಲ ಬಳಸಿದ ಕಾಂತಿಮಾನದ ಮಾಪಕಕ್ಕೆ ಖಚಿತ ರೂಪ ಕೊಟ್ಟವರಿಗೂ ನಮ್ಮ ದಕ್ಷಿಣಕ್ಕೂ ನಂಟಿದೆ. ಅವರು ನಾರ್ಮನ್ ರಾಬರ್ಟ್ ಪಾಗ್ಸನ್. 1861ರಲ್ಲಿ ಮದರಾಸ್ ವೀಕ್ಷಣಾಲಯಕ್ಕೆ ಬಂದು 1891ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಬಂದ ವರ್ಷವೇ ಅವರು ಕಂಡುಹಿಡಿದ ಕ್ಷುದ್ರಗ್ರಹಕ್ಕೆ ‘ಏಷ್ಯಾ’ ಎಂದು ಹೆಸರು. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಭಾರತೀಯ ಖಗೋಳ ವಿಜ್ಞಾನದಲ್ಲಿ ತಮ್ಮದೇ ಹೆಸರು ಉಳಿಸಿದವರು.

ಪುರಾತನ ಗ್ರೀಕರ ಕಾಲದಿಂದ ಅತಿ ಪ್ರಕಾಶದ ನಕ್ಷತ್ರಗಳನ್ನು ಒಂದನೇ ದರ್ಜೆ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವವನ್ನು ಆರನೇ ದರ್ಜೆ ಎನ್ನುತ್ತಿದ್ದರು. ಅಳೆದು ನೋಡಿದಾಗ ಒಂದನೇ ದರ್ಜೆಯದು ಆರನೆಯದಕ್ಕಿಂತ ಸುಮಾರು 100 ಪಟ್ಟು ಪ್ರಕಾಶಮಾನ ಎಂದು ತಿಳಿಯಿತು. ಪಾಗ್ಸನ್ ಇನ್ನೂ ಇಂಗ್ಲೆಂಡಿನಲ್ಲಿದ್ದಾಗ, 1856ರಲ್ಲಿ, ಒಂದು ದರ್ಜೆಗೂ ಮುಂದಿನ ದರ್ಜೆಗೂ ಪ್ರಕಾಶದ ಅನುಪಾತ 2.512 ಇರಲಿ ಎಂದು ಸೂಚಿಸಿದರು. ಈ ಸಂಖ್ಯೆಯ ಲಾಗ್ 0.4. ಐದು ದರ್ಜೆ ಇಳಿದರೆ ಐದು ನಾಲ್ಕಲೆ ಇಪ್ಪತ್ತು, ಅಂದರೆ 2.0. ಲಾಗ್ 2 ಬರುವ ಸಂಖ್ಯೆ ಸರಿಯಾಗಿ 100.

ಹಾಗಾಗಿ ಒಂದು ನಕ್ಷತ್ರದ ಕಾಂತಿಮಾನ ಎಂದರೆ ಅದರ ಬೆಳಕಿನ ಲಾಗ್‌ನ −2.5 ಪಟ್ಟು, ಜೊತೆಗೆ ಒಂದು ಸ್ಥಿರಾಂಕ. ಆ ಸ್ಥಿರಾಂಕದಲ್ಲಿ ದೂರದರ್ಶಕದ ಗಾತ್ರ, ಫಲಕವನ್ನು ತೆರೆದಿಟ್ಟ ಹೊತ್ತು, ಆ ರಾತ್ರಿಯ ಗಾಳಿಯ ಮಸುಕು ಎಲ್ಲ ಸೇರಿಕೊಂಡಿರುತ್ತವೆ. ಒಂದೇ ಫಲಕದ ಎರಡು ನಕ್ಷತ್ರಗಳ ಕಾಂತಿಮಾನಗಳನ್ನು ಕಳೆಯಿರಿ. ಸ್ಥಿರಾಂಕ ಬಿದ್ದುಹೋಗುತ್ತದೆ. ಉಳಿಯುವುದು −2.5 (ಲಾಗ್ ಮೊದಲ ಬೆಳಕು − ಲಾಗ್ ಎರಡನೆಯ ಬೆಳಕು). ಇದನ್ನು ಒಂದೇ ಲಾಗ್ ಆಗಿ ಬರೆದರೆ ಒಳಗೆ ಮೊದಲ ಬೆಳಕನ್ನು ಎರಡನೆಯದರಿಂದ ಭಾಗಿಸಿದ ಅನುಪಾತ. ಪರೀಕ್ಷೆಯಲ್ಲಿ ‘ಒಂದೇ ಲಘುಗಣಕವಾಗಿ ಬರೆಯಿರಿ’ ಎನ್ನುವ ಹೆಜ್ಜೆಯೇ ಇದು. ಬೇಗಂಪೇಟೆಯ ದೂರದರ್ಶಕವೋ ಪ್ಯಾರಿಸ್ಸಿನದ್ದೋ ಎಂಬ ಭೇದವನ್ನು ಕಳೆದು ನಕ್ಷತ್ರಕ್ಕೂ ನಕ್ಷತ್ರಕ್ಕೂ ಇರುವ ಸಂಬಂಧವನ್ನು ಅದು ಹೊರತೆಗೆಯುತ್ತದೆ. ಬೇರೆ ಬೇರೆ ದೇಶದ ವೀಕ್ಷಣಾಲಯಗಳ ಪಟ್ಟಿಗಳು ಒಂದಕ್ಕೊಂದು ಮಾತನಾಡಲು ಸಾಧ್ಯವಾದದ್ದು ಹೀಗೆ.

ಕೈಯಲ್ಲೇ ಮಾಡಿ ನೋಡಬಹುದು. ಲುಬ್ಧಕ ನಕ್ಷತ್ರದ ಕಾಂತಿಮಾನ −1.46, ಧ್ರುವನದ್ದು ಸುಮಾರು 2. ವ್ಯತ್ಯಾಸ 3.46. ಅದನ್ನು 0.4ರಿಂದ ಗುಣಿಸಿದರೆ 1.384. ಅದು ಸುಮಾರು 24ರ ಲಾಗ್. ನಮ್ಮ ಕಣ್ಣಿಗೆ ಲುಬ್ಧಕ ಧ್ರುವನಿಗಿಂತ 24 ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ನಕ್ಷತ್ರಪಟ್ಟಿಯ ಯೋಜನೆ 11ನೇ ಕಾಂತಿಮಾನದವರೆಗಿನ ನಕ್ಷತ್ರಗಳನ್ನು ಹಿಡಿಯಬೇಕೆಂದಿತ್ತು. ಅವು ಬರಿಗಣ್ಣಿನ ಕೊನೆಯ ಮಿತಿಯಾದ 6ನೇ ಕಾಂತಿಮಾನದ ನಕ್ಷತ್ರಕ್ಕಿಂತ 100 ಪಟ್ಟು ಮಂಕು.

ನೆಲ ನಡುಗಿದಾಗ

ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿ ಎನ್‌ಜಿಆರ್‌ಐ ಇದೆ, 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರಿಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿ ಸುಮಾರು 10 ಸಾವಿರ ಜನ ಸತ್ತಾಗ, ಆ ನಡುಕದ ಅಧ್ಯಯನಕ್ಕೆ ಮೊದಲು ಧಾವಿಸಿದವರಲ್ಲಿ ಇಲ್ಲಿನ ವಿಜ್ಞಾನಿಗಳೂ ಇದ್ದರು. ಆ ಭೂಕಂಪದ ತೀವ್ರತೆ 6.2. ಬೀದರ್, ಕಲಬುರಗಿಯ ಹಿರಿಯರಿಗೆ ಆ ಬೆಳಗಿನ ಜಾವ ಇನ್ನೂ ನೆನಪಿದೆ.

6.2 ಎಂದರೆ ಏನು? ಅಮೆರಿಕದ ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕೊಟ್ಟ ಸೂತ್ರ ಎರಡು ಲಾಗ್‌ಗಳ ವ್ಯತ್ಯಾಸ: ಉಪಕರಣದಲ್ಲಿ ಕಂಡ ಅಲೆಯ ಎತ್ತರದ ಲಾಗ್ − ಅಷ್ಟೇ ದೂರದಲ್ಲಿ ಒಂದು ಪ್ರಮಾಣಿತ ಸಣ್ಣ ಭೂಕಂಪ ತೋರಿಸುವ ಎತ್ತರದ ಲಾಗ್. ಒಂದಾಗಿಸಿದರೆ ಅದು ‘ಕಂಡದ್ದು ಪ್ರಮಾಣಿತದ ಎಷ್ಟು ಪಟ್ಟು’ ಎಂಬುದರ ಲಾಗ್. 100 ಕಿಲೋಮೀಟರ್ ದೂರದಲ್ಲಿ ಆ ಪ್ರಮಾಣಿತ ಎತ್ತರ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಲ್ಲಿ ಅಲೆ 1 ಮಿಲಿಮೀಟರ್ ಕಂಡರೆ ಅನುಪಾತ 1000, ತೀವ್ರತೆ 3. ಅಲೆ 23 ಮಿಲಿಮೀಟರ್ ಕಂಡರೆ ಲಾಗ್ 23 ಎಂಬ 1.36ಕ್ಕೆ 3 ಕೂಡಿ 4.36. ದೊಡ್ಡ ಭೂಕಂಪಗಳಿಗೆ ಈಗ ಭ್ರಾಮಕ ತೀವ್ರತೆ ಎಂಬ ಬೇರೆ ಸೂತ್ರವಿದೆ, ಆದರೆ ಅದರ ತಳದಲ್ಲಿರುವುದೂ ಲಾಗ್‌ನ ಲೆಕ್ಕವೇ.

ಭೂಕಂಪ ಹೊರಚೆಲ್ಲುವ ಶಕ್ತಿಯ ಲಾಗ್ ಎಂದರೆ ತೀವ್ರತೆಯ 1.5 ಪಟ್ಟು, ಜೊತೆಗೆ ಒಂದು ಸ್ಥಿರಾಂಕ. ಎರಡು ಭೂಕಂಪಗಳನ್ನು ಹೋಲಿಸುವಾಗ ಇಲ್ಲೂ ಸ್ಥಿರಾಂಕ ಬಿದ್ದುಹೋಗುತ್ತದೆ. 2001ರ ಜನವರಿ 26ರ ಭುಜ್ ಭೂಕಂಪ 7.7. ಕಿಲ್ಲಾರಿಗೂ ಅದಕ್ಕೂ ವ್ಯತ್ಯಾಸ 1.5. ಅದನ್ನು 1.5ರಿಂದ ಗುಣಿಸಿದರೆ 2.25, ಅದು ಸುಮಾರು 178ರ ಲಾಗ್. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪ 9.1. ಅದೇ ಲೆಕ್ಕದಲ್ಲಿ ಅದು ಕಿಲ್ಲಾರಿಯ ಸುಮಾರು 22 ಸಾವಿರ ಪಟ್ಟು ಶಕ್ತಿ ಚೆಲ್ಲಿತು. ಆ ದುರಂತದ ಬಳಿಕ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿರುವುದೂ ಹೈದರಾಬಾದಿನಲ್ಲೇ. ಪತ್ರಿಕೆಯಲ್ಲಿ 6.2, 7.7, 9.1 ಎಂದು ಓದುವ ನಮಗೆ ಇವು ಅಕ್ಕಪಕ್ಕದ ಅಂಕಿಗಳಂತೆ ಕಾಣುತ್ತವೆ. ಲಾಗ್ ಒಳಗಿನ ಅನುಪಾತವನ್ನು ಬಿಚ್ಚಿ ನೋಡಿದವರಿಗೆ ಮಾತ್ರ ಅವುಗಳ ನಡುವಿನ ಕಂದಕ ಗೊತ್ತಾಗುತ್ತದೆ.

ಎಲ್ಲಿ ಒಂದಾಗುವುದಿಲ್ಲ

ನಿಯಮಗಳಷ್ಟೇ ಮುಖ್ಯ ಅವುಗಳ ಎಲ್ಲೆ. ಲಾಗ್ 2 + ಲಾಗ್ 3 ಎಂದರೆ ಲಾಗ್ 5 ಅಲ್ಲ, ಲಾಗ್ 6. ಲಾಗ್ 5 ಎಂದರೆ 0.6990, ಲಾಗ್ 6 ಎಂದರೆ 0.7782. ಒಳಗೆ ಕೂಡುವಿಕೆ ಇದ್ದರೆ ಅದನ್ನು ಒಡೆಯುವ ನಿಯಮವೇ ಇಲ್ಲ. ಇದರ ಬೆಲೆ ಆಕಾಶದಲ್ಲಿ ಕಾಣುತ್ತದೆ. 6ನೇ ಕಾಂತಿಮಾನದ ಎರಡು ನಕ್ಷತ್ರಗಳು ಅಂಟಿಕೊಂಡಂತೆ ಒಂದಾಗಿ ಕಂಡರೆ ಒಟ್ಟು ಕಾಂತಿಮಾನ 12 ಆಗುವುದಿಲ್ಲ, 3 ಕೂಡ ಆಗುವುದಿಲ್ಲ. ಮೊದಲು ಬೆಳಕುಗಳನ್ನು ಕೂಡಬೇಕು, ಆಮೇಲೆ ಲಾಗ್ ತೆಗೆಯಬೇಕು. ಬೆಳಕು ಎರಡು ಪಟ್ಟಾಯಿತು, 2.5 ಲಾಗ್ 2 ಎಂದರೆ 0.75, ಹಾಗಾಗಿ ಜೋಡಿಯ ಕಾಂತಿಮಾನ 5.25. ಅಂಥ ನೂರು ನಕ್ಷತ್ರಗಳು ಸೇರಿದರೆ ಮಾತ್ರ ಒಂದನೇ ಕಾಂತಿಮಾನ.

ಲಾಗ್‌ನಿಂದ ಲಾಗ್ ಕಳೆಯುವುದು ಬೇರೆ, ಲಾಗ್‌ನಿಂದ ಲಾಗ್ ಭಾಗಿಸುವುದು ಬೇರೆ. ಲಾಗ್ 8 − ಲಾಗ್ 2 ಎಂದರೆ ಲಾಗ್ 4, ಅಂದರೆ 0.6021. ಲಾಗ್ 8ನ್ನು ಲಾಗ್ 2ರಿಂದ ಭಾಗಿಸಿದರೆ 3. ಅದು 8ರ ಅರ್ಧಚ್ಛೇದ, ಆಧಾರ ಬದಲಿಸುವ ಕ್ರಿಯೆ. ಎರಡನ್ನೂ ಬೆರೆಸಿದರೆ ವೀರಸೇನರ ಲೆಕ್ಕವೂ ಪಾಗ್ಸನ್ನರ ಲೆಕ್ಕವೂ ಕೆಡುತ್ತದೆ.

ಮೂರನೆಯ ಎಚ್ಚರಿಕೆ ಸೂಕ್ಷ್ಮ. ಲಾಗ್ ಕ್ಷ + ಲಾಗ್ (ಕ್ಷ − 3) = 1 ಎಂಬ ಸಮೀಕರಣವನ್ನು ಬಿಡಿಸಬೇಕು. ಎಡಗಡೆಯನ್ನು ಒಂದಾಗಿಸಿದರೆ ಲಾಗ್ ಒಳಗೆ ಕ್ಷ ಗುಣಿಸು (ಕ್ಷ − 3), ಅದು 10ಕ್ಕೆ ಸಮ. ಬೆಲೆಗಳು ಎರಡು ಬರುತ್ತವೆ: 5 ಮತ್ತು −2. 5 ಸರಿಹೊಂದುತ್ತದೆ, ಲಾಗ್ 5 + ಲಾಗ್ 2 ಎಂದರೆ ಲಾಗ್ 10, ಅಂದರೆ 1. ಆದರೆ −2ರ ಲಾಗ್ ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ. ಎರಡು ಋಣ ಸಂಖ್ಯೆಗಳನ್ನು ಗುಣಿಸಿ ಧನ ಸಂಖ್ಯೆ ಬಂದದ್ದರಿಂದ ಒಂದಾದ ರೂಪದಲ್ಲಿ ಆ ದೋಷ ಮರೆಯಾಯಿತು. ಬಿಡಿಯಾಗಿದ್ದಾಗ ಇದ್ದ ಷರತ್ತುಗಳನ್ನು ಒಂದಾದ ಮೇಲೂ ಜೊತೆಗಿಟ್ಟುಕೊಳ್ಳಬೇಕು. ಬೆಳಕು, ಉದ್ದ, ಶಕ್ತಿ ಯಾವುದೇ ಇರಲಿ, ಲಾಗ್ ಒಳಗೆ ಹೋಗುವುದು ಧನ ಸಂಖ್ಯೆಯೇ ಆಗಿರಬೇಕು.

ಕಲಿಸುವವರಿಗೆ ಒಂದು ಮಾತು

ಬಿಡಿಸುವುದು ಶ್ರಮಕ್ಕಾಗಿ, ಒಂದಾಗಿಸುವುದು ಅರ್ಥಕ್ಕಾಗಿ. ಹಳೆಯ ಸರ್ವೆಯವರ ಶ್ರಮವನ್ನು ಇಂದು ಕ್ಯಾಲ್ಕುಲೇಟರ್ ವಹಿಸಿಕೊಂಡಿದೆ. ಕ್ಲಾರ್ಕ್ ಟೇಬಲ್ ಎಂಬ ಲಾಗ್ ಕೋಷ್ಟಕ ಹಿಡಿದು ಕೂರುವ ಅಗತ್ಯ ಹೆಚ್ಚಿನವರಿಗೆ ಉಳಿದಿಲ್ಲ, ಅದಕ್ಕಾಗಿ ವ್ಯಥೆಪಡಬೇಕಾದ್ದೂ ಇಲ್ಲ. ಆದರೆ ನಕ್ಷತ್ರದ ಕಾಂತಿಮಾನ, ಭೂಕಂಪದ ತೀವ್ರತೆ, ಸದ್ದಿನ ಡೆಸಿಬಲ್, ದ್ರಾವಣದ ಪಿಎಚ್ ಇವೆಲ್ಲ ಇಂದಿಗೂ ಲಾಗ್ ರೂಪದಲ್ಲೇ ನಮ್ಮ ಮುಂದೆ ಬರುತ್ತವೆ. ಅವುಗಳ ವ್ಯತ್ಯಾಸವನ್ನು ಒಂದಾಗಿಸಿ ‘ಎಷ್ಟು ಪಟ್ಟು’ ಎಂದು ಕೇಳಬಲ್ಲವನಿಗೆ ಮಾತ್ರ ಆ ಅಂಕಿಗಳು ಸತ್ಯ ಹೇಳುತ್ತವೆ. ಈ ಕೇಳುವ ಶಕ್ತಿಯನ್ನು ಕ್ಯಾಲ್ಕುಲೇಟರ್ ಕೊಡುವುದಿಲ್ಲ, ಶಿಕ್ಷಕರೇ ಕೊಡಬೇಕು.

ಹಾಗಾಗಿ ಗಣಿತದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ನಿಯಮಗಳನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳಿಂದ ಸಂಖ್ಯೆಗಳನ್ನು ಅರ್ಧ ಮಾಡಿಸಿ, ಹೆಜ್ಜೆ ಎಣಿಸಿ ಕೂಡಿಸಲು ಹೇಳಿ. ಮೊದಲ ನಿಯಮವನ್ನು ಅವರೇ ಕಂಡುಕೊಳ್ಳಲಿ. ಆಮೇಲೆ ದಿನಪತ್ರಿಕೆಯಿಂದ ಎರಡು ಭೂಕಂಪಗಳ ತೀವ್ರತೆಯನ್ನೋ ಪಂಚಾಂಗದಲ್ಲಿ ಹೆಸರಿರುವ ಎರಡು ನಕ್ಷತ್ರಗಳ ಕಾಂತಿಮಾನವನ್ನೋ ಕೊಟ್ಟು ಒಂದೇ ಲಾಗ್ ಮಾಡಿಸಿ. ಉತ್ತರ ಬಂದ ಕೂಡಲೇ ಸರಿ ಗುರುತು ಹಾಕಿ ಮುಂದೆ ಹೋಗಬೇಡಿ. ಒಳಗಿರುವ ಭಾಗಾಕಾರವನ್ನು ತೋರಿಸಿ, ಯಾವುದನ್ನು ಯಾವುದರಿಂದ ಭಾಗಿಸಿದ್ದೀಯ, ಯಾವುದು ಯಾವುದರ ಎಷ್ಟು ಪಟ್ಟು ಎಂದು ಕೇಳಿ. ಈ ಎರಡು ಪ್ರಶ್ನೆಗಳಿಗೆ ಉತ್ತರಿಸಿದ ಮಗುವಿಗೆ ಲಘುಗಣಕ ಬಂತು ಎಂದೇ ಅರ್ಥ.